ಎರಡಾಳು ತೂಕದ ಗಂಟೆ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ತಿಳಿಯದು. ಕಾರಿನ ಒಳಹೊರಗು ಬಲ್ಲವರಿಗೆ ಅಲ್ಲಲ್ಲಿ ತಪ್ಪು ಕಂಡರೆ ಮನ್ನಿಸಬೇಕು. ಗಂಗಾಧರಪ್ಪನವರಿಗೆ ಅನ್ಯಾಯವಾಗದಿದ್ದರೆ ಸಾಕು.

ಭಾನುವಾರ ಸಂಜೆ. ಭದ್ರಾವತಿ ಓಲ್ಡ್ ಟೌನಿನ ರಾತ್ರಿ ಶಾಲೆ. ಬಾಗಿಲು ತೆರೆದ ಕಾವಲುಗಾರ ಪುಟ್ಟಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟರು. ಚಕ್ರದ ಮೇಜು ಖಾಲಿ. ಕಂಚಿನ ಗಂಟೆ ಇಲ್ಲ.

ಶಾಲೆಯ ಸುವರ್ಣ ಮಹೋತ್ಸವಕ್ಕೆಂದು ಉಜ್ಜಲು ಇಳಿಸಿದ್ದ ಗಂಟೆ ಅದು. ಕಾರ್ಖಾನೆಯ ಪಾಳಿ ಮುಗಿಸಿ, ಕೈಯ ಮಸಿಯನ್ನೂ ಸರಿಯಾಗಿ ತೊಳೆಯದೆ ಓದಲು ಬರುತ್ತಿದ್ದ ಹುಡುಗರೇ ಅದನ್ನು ಎರಕ ಹೊಯ್ದಿದ್ದರು. ಆ ಹುಡುಗರಲ್ಲಿ ಪುಟ್ಟಪ್ಪ ಒಬ್ಬರು. ತನಿಖೆಗೆ ಬಂದ ಎಎಸ್‌ಐ ಗಂಗಾಧರಪ್ಪ ಇನ್ನೊಬ್ಬರು. ಇಬ್ಬರದೂ ಒಂದೇ ಬೆಂಚು.

"ಬೀಗ ಒಡೆದಿಲ್ಲ, ಕೀ ಇವರ ಹತ್ರ. ಇನ್ಯಾರು ಗಂಗಾಧರಪ್ಪನೋರೇ?" ಎಂದಳು ಸಬ್ ಇನ್ಸ್‌ಪೆಕ್ಟರ್ ಮೈತ್ರಿ.

"ಕೀ ಬಾಗಿಲ ಮೇಲಿನ ಗೂಡಲ್ಲಿರುತ್ತೆ ಮೇಡಂ. ಹಳೇ ವಿದ್ಯಾರ್ಥಿಗಳಿಗೆಲ್ಲ ಗೊತ್ತು."

"ಹಾಗಂತ ಇವರು ಹೇಳಿದ್ರಾ?"

"ನಾನೇ ಹೇಳ್ತಿದೀನಿ. ನಾವು ಓದುವಾಗಿಂದ ಅಲ್ಲೇ."

ಮೈತ್ರಿ ಕರಗಲಿಲ್ಲ. ನಾಳೆ ಸಂಜೆಯೊಳಗೆ ಬೇರೆ ದಾರಿ ಕಾಣದಿದ್ದರೆ ಪುಟ್ಟಪ್ಪನ ಬಂಧನವೇ ಎಂದಳು.

"ಜೈಲಿಗೆ ಹೆದರಲ್ಲ ಮಾರಾಯ," ಎಂದರು ಪುಟ್ಟಪ್ಪ. "ಉತ್ಸವಕ್ಕೆ ನಮ್ಮ ಬ್ಯಾಚಿನೋರೆಲ್ಲ ಬರ್ತಾರೆ. ಅವರೆದುರು ನಾನು ಗಂಟೆ ಕಳ್ಳ ಆಗ್ತೀನಲ್ಲ."

* * *

ಅಡಿಕೆ ಕಳವು ಹೆಚ್ಚಿದ ಮೇಲೆ ಶಿವಮೊಗ್ಗ ರಸ್ತೆಯ ತನಿಖಾ ಠಾಣೆಯಲ್ಲಿ ಹಿಂಭಾಗ ಕುಸಿದ ಗಾಡಿಗಳನ್ನೆಲ್ಲ ನಿಲ್ಲಿಸುತ್ತಿದ್ದರು. ಭಾರ ಹೊತ್ತ ಗಾಡಿ ಬೆನ್ನು ಬಗ್ಗಿಸಲೇಬೇಕು. ಮೈತ್ರಿ ಅಲ್ಲಿನ ಕ್ಯಾಮೆರಾದ ದೃಶ್ಯ ತರಿಸಿದಳು. ಕುಸಿದದ್ದು ಒಂದೇ, ಗುಜರಿಯವನ ಪಿಕಪ್. ಸೋಮವಾರ ಬೆಳಿಗ್ಗೆ ಹಿಡಿದು ಟಾರ್ಪಾಲು ಎಳೆದರೆ ಹಳೆಯ ರುಬ್ಬುವ ಕಲ್ಲುಗಳು!

"ಬಾರಿಸಿ ನೋಡಿ ಸಾಹೇಬ್ರೆ," ಎಂದ ಗುಜರಿಯವನು. "ದೋಸೆ ಹಿಟ್ಟಿನ ಶಬ್ದ ಬರುತ್ತೆ."

ಗಂಗಾಧರಪ್ಪ ಮರಳಿ ಕ್ಯಾಮೆರಾ ದೃಶ್ಯದ ಮುಂದೆ ಕುಳಿತರು. ತಮ್ಮ ಕಣ್ಣಿನ ಮೇಲೆ ಅವರಿಗೇ ನಂಬಿಕೆಯಿಲ್ಲ. ಗೆಳೆಯನೆಂಬ ಮೋಹಕ್ಕೆ ಏನೇನೋ ಹುಡುಕುತ್ತಿದ್ದೇನೆಯೇ? ಆಗ ಕಂಡಿತು ಒಂದು ಹಳೆಯ ಎಸ್ಟೀಮ್ ಕಾರು. ಶಾಲಾ ಸಮಿತಿಯ ಅಧ್ಯಕ್ಷ ವಿಶ್ವಾರಾಧ್ಯರದು. ಅವರೂ ಅದೇ ಬ್ಯಾಚು. ಭಾನುವಾರ ಮಧ್ಯಾಹ್ನ ಭದ್ರಾವತಿಗೆ ಬಂದು, ಬೇಗನೆ ತಿರುಗಿ ಹೋಗಿತ್ತು.

"ಅದು ಕುಸಿದಿಲ್ಲ, ಚೇಳಿನ ಹಾಗೆ ಬಾಲ ಎತ್ತಿದೆ. ಖಾಲಿ ಗಾಡಿ, ಬಿಡಿ," ಎಂದಳು ಮೈತ್ರಿ.

"ಬರುವಾಗಿನದು, ಹೋಗುವಾಗಿನದು, ಎರಡೂ ಪಕ್ಕಪಕ್ಕ ಇಡಿ ಮೇಡಂ."

ಎರಡರಲ್ಲೂ ಬಾಲ ಮೇಲೆಯೇ. ಆದರೆ ಹೋಗುವಾಗ ಹಿಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದು ಕಿರಿದಾಗಿತ್ತು. ಅಂದರೆ ಒಳಗೆ ಭಾರವಿತ್ತು.

ಆ ಬಾಲ ಎದ್ದದ್ದು ಹೇಗೆಂದು ಗಂಗಾಧರಪ್ಪನವರಿಗೆ ಗೊತ್ತಿತ್ತು. ಅದನ್ನು ಎಬ್ಬಿಸಿದ ದಿನ ಅವರೂ ಅದರಲ್ಲಿ ಕೂತಿದ್ದರು.

* * *

ಶಿವಮೊಗ್ಗದ ರಾಗಿಗುಡ್ಡದ ಮನೆಯ ಮುಂದೆ ಅದೇ ಕಾರು ನಿಂತಿತ್ತು. ವಿಶ್ವಾರಾಧ್ಯ ನಗುತ್ತ ಬಂದರು.

"ಬಾರೋ ಗಂಗಾ. ಪುಟ್ಟನ್ನ ಬಿಟ್ರಾ?"

"ಡಿಕ್ಕಿ ತೆಗಿ ವಿಶ್ವಾ."

"ಏನಿದೆ ಅದರಲ್ಲಿ? ಭಾರ ಇದ್ದಿದ್ರೆ ಹಿಂಭಾಗ ಹೀಗೆ ಎದ್ದಿರ್ತಿತ್ತಾ?"

"ಏಳುತ್ತೆ. ಭೀಮೇಶ್ ಎಬ್ಬಿಸಿದಾನೆ." ಗಂಗಾಧರಪ್ಪ ಮೈತ್ರಿಯತ್ತ ತಿರುಗಿದರು. "ಮೇಡಂ, ಹೋದ ವಾರ ನಾನೂ ಪುಟ್ಟಪ್ಪನೂ ಉತ್ಸವದ ಮಾತಿಗೆ ಇಲ್ಲಿಗೆ ಬಂದಿದ್ವಿ. ಇವನು ಗೋಪಾಳದಲ್ಲಿ ಭೀಮೇಶನ ಗ್ಯಾರೇಜಿಗೆ ಕರ್ಕೊಂಡು ಹೋದ. ಈ ಕಾರಲ್ಲಿ ಸ್ಪ್ರಿಂಗಿನ ಅಡಿಗೆ ಸ್ಕ್ರೂ ಥರ ಮರೆ ಇರೋ ಬಟ್ಟಲು ಹಾಕಿದಾರೆ. ಸ್ಪ್ರಿಂಗ್ ಅದರ ಮೇಲೆ ಕೂರುತ್ತೆ. ಬಟ್ಟಲನ್ನ ಮೇಲಕ್ಕೆ ತಿರುಗಿಸಿದ್ರೆ ಗಾಡಿ ಏಳುತ್ತೆ. ತೀರ್ಥಯಾತ್ರೆಗೆ ಹೋಗ್ತೀನಿ, ಸಾಮಾನು ತುಂಬಿದ್ರೂ ಕುಸೀಬಾರದು ಅಂದ. ಭೀಮೇಶ್ ತೂಕಕ್ಕೆ ಅಡಿಕೆ ಮೂಟೆ ಕೇಳ್ದ. ಇವನು, ಮೂಟೆ ಯಾಕೆ, ನಮ್ಮ ಹುಡುಗರು ಇದಾರಲ್ಲ ಅಂತ ನಮ್ಮಿಬ್ಬರನ್ನ ಡಿಕ್ಕಿಯಲ್ಲಿ ಕೂರಿಸ್ದ. ಇಳೀರಿ, ಜಾಕು, ಬಟ್ಟಲು ತಿರುಗಿಸು, ಮತ್ತೆ ಹತ್ತಿ. ಗಾಡಿ ಸಮ ಆಗೋವರೆಗೂ ನಗ್ತಾ ನಗ್ತಾ ಕೂತಿದ್ವಿ."

"ಇಬ್ಬರೇ ಯಾಕೆ?" ಎಂದಳು ಮೈತ್ರಿ.

"ಗಂಟೆ ಎರಕ ಆದಾಗ ಇವರಪ್ಪನ ಅಡಿಕೆ ಮಂಡಿ ತಕ್ಕಡಿಯಲ್ಲಿ ತೂಗಿದ್ರು. ಒಂದು ತಟ್ಟೆಗೆ ಗಂಟೆ, ಇನ್ನೊಂದಕ್ಕೆ ನಾನೂ ಪುಟ್ಟನೂ. ಸರಿ ಸಮ! ಆವತ್ತು ತಕ್ಕಡಿ ಹಿಡಿದಿದ್ದು ಇವನೇ. ಎರಡಾಳು ತೂಕದ ಗಂಟೆ ಅಂತ ಬ್ಯಾಚಿಗೆಲ್ಲ ಬಾಯಿಪಾಠ. ಆ ತೂಕಕ್ಕೆ ಸಮ ಮಾಡಿಸಿಕೊಂಡರೆ ತನಿಖಾ ಠಾಣೆಯಲ್ಲಿ ಯಾರೂ ತಡೆಯಲ್ಲ. ಮೇಜಿಗೆ ಚಕ್ರ ಇತ್ತು, ಎತ್ತರ ಡಿಕ್ಕಿಗೆ ಸರಿಹೋಯ್ತು, ಒಬ್ಬನೇ ಉರುಳಿಸಿದ. ಆದರೆ ನೋಡು ವಿಶ್ವಾ..."

ಗಂಗಾಧರಪ್ಪ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟರು.

"ಆವತ್ತು ನಾವು ಕಡ್ಡಿ ಪೈಲ್ವಾನ್ರು. ಈಗ ನಮ್ಮಿಬ್ಬರ ಭಾರಕ್ಕೆ ಸಮ ಮಾಡಿಸಿದ್ರೆ, ಗಂಟೆ ಹಾಕಿದ ಮೇಲೂ ಬಾಲ ಎದ್ದೇ ಇರುತ್ತೆ. ನಾವು ದಪ್ಪ ಆಗಿದ್ದು ನಿನ್ನ ಕಣ್ಣಿಗೆ ಬೀಳಲೇ ಇಲ್ವಲ್ಲೋ."

ವಿಶ್ವಾರಾಧ್ಯ ಅವರನ್ನು ನೋಡಿದರು. ಈಗ ಮೊದಲ ಸಲ ನೋಡುತ್ತಿರುವವರಂತೆ. ಆಮೇಲೆ ಕೀ ಕೊಟ್ಟರು.

ಕಂಬಳಿಯೊಳಗೆ ಗಂಟೆ ಇತ್ತು. ಒಬ್ಬರೇ ಇಳಿಸಲಾರದೆ ಅಲ್ಲೇ ಬಿಟ್ಟಿದ್ದರು. ಒಂದು ಮಗ್ಗುಲು ಮಾತ್ರ ಉಜ್ಜಿ ಹೊಳೆಯುತ್ತಿತ್ತು.

* * *

ಉತ್ಸವದಂದು ಗಂಟೆ ಹೊಡೆದದ್ದು ಪುಟ್ಟಪ್ಪನೇ. ಆ ಸದ್ದಿಗೆ ತಲೆ ನರೆತವರೆಲ್ಲ ಅಭ್ಯಾಸಬಲದಿಂದ ಕ್ಲಾಸಿನತ್ತ ಹೆಜ್ಜೆ ಹಾಕಿ, ನಕ್ಕು ನಿಂತರು. ಒಬ್ಬರ ಜಾಗ ಖಾಲಿಯಿತ್ತು.

ವಿಶ್ವಾರಾಧ್ಯರು ಕದ್ದದ್ದನ್ನು ಒಪ್ಪಿಕೊಂಡರು. ಯಾಕೆಂದು ಮಾತ್ರ ಹೇಳಲಿಲ್ಲ. ಮಾರಲೋ, ಮನೆಯಲ್ಲಿಟ್ಟುಕೊಳ್ಳಲೋ? ಪುಟ್ಟಪ್ಪ ಜೈಲಿಗೆ ಹೋಗುವುದನ್ನು ಸುಮ್ಮನೆ ನೋಡುತ್ತಿದ್ದರೇ? ಗಂಗಾಧರಪ್ಪ ಎರಡು ಸಲ ಹೋಗಿ ಕೇಳಿ ಬಂದರು. ಉತ್ತರ ಸಿಗಲಿಲ್ಲ.

ಕಾರು ಈಗಲೂ ಪೊಲೀಸ್ ಠಾಣೆಯ ಅಂಗಳದಲ್ಲಿದೆ. ಖಾಲಿ ಬಾಲವೆತ್ತಿ, ಯಾರೋ ಇಬ್ಬರು ಬಂದು ಕೂರಲೆಂದು ಕಾಯುವಂತಿದೆ. ಯಾಕೆ ಕದ್ದರೆಂಬುದು ನನಗೂ ಗೊತ್ತಿಲ್ಲ.