ಸೂಯೆಜ್ ಹೊಗುವ ತನಕ

"ತಲೆ ತಗ್ಗಿಸು, ಸುಸನ್!"

ಧಡ್! ನಮ್ಮ ವ್ಯಾನಿನ ಹಿಂಬದಿಗೆ ಏನೋ ಬಡಿಯಿತು.

ಬಿಳಿ ಪ್ರಾಡೊ ಕಾರು... ಮತ್ತೆ ಅದೇ!

ದುಬೈಯ ನೈಫ್ ಬಜಾರಿನ ಇಕ್ಕಟ್ಟು ಗಲ್ಲಿ. ಎದುರಿಗೆ ಕೈಗಾಡಿ, ಹಿಂದೆ ಮೆಲ್ವಿನ್‌ನ ಆಳುಗಳು. ವ್ಯಾನಿನೊಳಗೆ ಬಟ್ಟೆ ಮೂಟೆಗಳ ನಡುವೆ ನಾವಿಬ್ಬರು ಹೆಂಗಸರು.

"ಗಟ್ಟಿ ಹಿಡ್ಕೊಳ್ಳಿ, ಬಾಯಿ!" ಸುಲೈಮಾನ್ ಸ್ಟೇರಿಂಗ್ ತಿರುಗಿಸಿದ.

ಭಟ್ಕಳದ ಬಟ್ಟೆ ವ್ಯಾಪಾರಿ. ನಾನೊಂದು ಫೋನ್ ಮಾಡಿದ್ದಕ್ಕೆ ಅಂಗಡಿಗೆ ಶಟರ್ ಎಳೆದು ಬಂದಿದ್ದ. ಯಾಕೆಂದು ಕೇಳಿರಲಿಲ್ಲ. ಸುಸನ್ ನಡುಗುವುದನ್ನು ಕನ್ನಡಿಯಲ್ಲಿ ಕಂಡು ತನ್ನ ನೀರಿನ ಬಾಟಲಿ ಹಿಂದಕ್ಕೆ ಚಾಚಿದ. ಆ ಚೇಸ್ ನಡುವೆ!

ನಾನು ಮೆಟಿಲ್ಡಾ; ಊರ ಕಡೆಯವರಿಗೆಲ್ಲ 'ಮೆಟಿಲ್ಡಾ ಬಾಯಿ'. ದುಬೈಯಲ್ಲಿ ಹಡಗು, ಸರಕು, ಕಸ್ಟಮ್ಸ್... ಎಲ್ಲಿ ಗಂಟು ಬಿದ್ದರೂ ಬಿಡಿಸುವವಳು. ಚಾಕು ತೋರಿಸಿದವರನ್ನು ಬೈದು ಕಳಿಸಿದ್ದೇನೆ. ಆದರೆ ಅವತ್ತು ಮೂಟೆಗಳ ನಡುವೆ ಅಡಗಿ ಕೂತಿದ್ದೆ.

ಹೆದರಿದ್ದು ಯಾತಕ್ಕೆ ಗೊತ್ತೇ? ಒಂದು ಕಾಗದಕ್ಕೆ!

ಸುಸನ್ ಕುಂದಾಪುರದವಳು. ಮದುವೆಯಾಗಿ ಯುರೋಪಿನ ಅಂಚಿನ ಒಂದು ಸಣ್ಣ ಊರು ಸೇರಿದ್ದಳು. ಅಲ್ಲಿನ ನಗರಸಭೆಗೆ ಗ್ಯಾಸ್ ಕೊಂಡುಕೊಡುವ ಕೆಲಸ. ಹಿಮ ಬೀಳುವ ಊರು. ಸ್ವಂತ ಗ್ಯಾಸ್ ಇಲ್ಲ. ಮನೆ, ಆಸ್ಪತ್ರೆ, ಹೆರಿಗೆ ವಾರ್ಡು... ಎಲ್ಲ ಬೆಚ್ಚಗಾಗುವುದು ಹೊರಗಿನ ಗ್ಯಾಸಿನಿಂದ. ಆ ಚಳಿಗಾಲದಲ್ಲಿ ನೆರೆದೇಶ ಪೈಪು ಮುಚ್ಚಿತು. ಊರಿನ ಟ್ಯಾಂಕಿನ ತಳ ಕಾಣತೊಡಗಿತು. ಉಳಿದದ್ದು ಅಬುಧಾಬಿಯಿಂದ ಹೊರಟ ಒಂದೇ ಹಡಗು. ಅದರ ಕೆಲಸಕ್ಕೆಂದೇ ಸುಸನ್ ದುಬೈಗೆ ಬಂದಿದ್ದಳು.

ಅಷ್ಟರಲ್ಲಿ ಪೂರ್ವದ ದೇಶಗಳಲ್ಲಿ ಗ್ಯಾಸಿನ ಬೆಲೆ ಜಿಗಿಯಿತು. ಮಾರುವವರ ದಲ್ಲಾಳಿ ಮೆಲ್ವಿನ್‌ಗೆ ಹಡಗನ್ನು ಅತ್ತ ತಿರುಗಿಸುವ ಆಸೆ!

ಒಪ್ಪಂದದಲ್ಲಿ ಅದಕ್ಕೆ ದಾರಿಯೂ ಇತ್ತು. ಹಡಗು ಸೂಯೆಜ್ ಕಾಲುವೆ ಹೊಗುವ ಮುಂಚೆ, ಕೆಲಸದ ದಿನದಂದು, ಹಡಗು ತಿರುಗಿಸುವ ನೋಟಿಸನ್ನು ಸುಸನ್ ಕೈಗೇ ಕೊಡಬೇಕು. ಇಮೇಲ್ ನಡೆಯದು.

ಹಡಗು ಕಾಲುವೆ ಹೊಗುವುದು ಮರುದಿನ ನಸುಕಿನಲ್ಲಿ. ಅಲ್ಲಿಯ ತನಕ ಅವಳ ಕೈಗೆ ಕಾಗದ ಸೋಕಬಾರದು. ಏರ್‌ಪೋರ್ಟಿನಲ್ಲೂ ಅವನ ಜನ. ಬಚ್ಚಿಟ್ಟುಕೊಳ್ಳುವುದೊಂದೇ ದಾರಿ.

ನನ್ನ ಫೋನ್ ಬಡಿದುಕೊಂಡಿತು. ಮೆಲ್ವಿನ್!

"ಈ ಪ್ರಾಯದಲ್ಲಿ ಎಂತ ರೇಸ್, ಬಾಯಿ? ಪೇಪರ್ ತಗೊಳ್ಳಿಕ್ಕೆ ಹೇಳಿ. ಖಲಾಸ್."

"ಒಂದು ಊರೇ ಚಳಿಗೆ ಸೆಟೆದು ಸಾಯ್ತದೆ, ಮಾರಾಯಾ!"

"ಸ್ವೆಟರ್ ಹಾಕ್ಲಿ... ಮತ್ತೆ, ನಿಮ್ಮ ಬಾಲ್ಕನಿಯ ಕಂಬಿ ಸ್ವಲ್ಪ ಲೂಸ್ ಉಂಟು. ಜಾಗ್ರತೆ."

ಅವನ ಮಾತಿನ ಹಿಂದೆ ಒಂದು ಗಿಳಿ ಕೂಗಿತು.

ನನ್ನ ಗಿಳಿ!

ಕರಾಮ ಬಡಾವಣೆಯ ನನ್ನ ಫ್ಲಾಟಿನಲ್ಲೇ ನಿಂತಿದ್ದಾನೆ!

"ಸುಲೈಮಾನ್, ಕರಾಮ ಬೇಡ! ಸೋನಾಪುರಕ್ಕೆ ಬಿಡು. ಬೇಗ, ಯಲ್ಲಾ!"

ಸೋನಾಪುರ ಅಂದರೆ ಮುಹೈಸ್ನಾದ ಲೇಬರ್ ಕ್ಯಾಂಪುಗಳು. ಆ ಜನಜಂಗುಳಿಯಲ್ಲಿ ಯಾರು ಹುಡುಕುತ್ತಾರೆ?

ಹುಡುಕಿದರು.

ಕ್ಯಾಂಪಿನ ಗೇಟಿಗೇ ಪ್ರಾಡೊ ಅಡ್ಡ ಬಂತು. ಇಬ್ಬರು ಇಳಿದರು. ಒಬ್ಬ ನನ್ನನ್ನು ಗೋಡೆಗೆ ಒತ್ತಿ ಹಿಡಿದ. ಇನ್ನೊಬ್ಬ ಸುಸನ್ ಮುಷ್ಟಿ ಬಿಡಿಸಿ, ಕಾಗದ ತುರುಕಿ, ಬೆರಳು ಮಡಚಿ ಫೋಟೋ ತೆಗೆದ.

"ಥ್ಯಾಂಕ್ಯೂ, ಮೇಡಂ!"

ಮುಗಿಯಿತು!

ಸುಸನ್ ನೆಲಕ್ಕೆ ಕುಸಿದಳು. ಶಿಫ್ಟ್ ಮುಗಿಸಿ ಬಂದಿದ್ದ ಕೂಲಿಯವನೊಬ್ಬ ತನ್ನ ಟವೆಲ್ ಕೊಡವಿ ಮೆಟ್ಟಿಲ ಮೇಲೆ ಹಾಸಿದ. "ಇಲ್ಲಿ ಕೂತ್ಕೊಳ್ಳಿ, ಅಕ್ಕ" ಎಂದು ಅತ್ತ ತಿರುಗಿ ನಿಂತ.

ಕೆಟ್ಟ ಸುದ್ದಿ ತಿಳಿಸಬೇಕಲ್ಲ? ಅವಳು ಆಫೀಸಿಗೆ ಫೋನ್ ಹಚ್ಚಿದಳು. ಯಾರೂ ಎತ್ತಲಿಲ್ಲ. ಮೇಲಧಿಕಾರಿಯ ಮನೆಗೆ ಮಾಡಿದಳು. ಆ ಕಡೆ ಪೂಜೆಗೆ ಕರೆಯುವ ಇಗರ್ಜಿಯ ಗಂಟೆ... ಸುಸನ್ ಮುಖ ಬದಲಾಯಿತು.

"ಬಾಯಿ..." ಪಿಸುಗುಟ್ಟಿದಳು. "ಆಫೀಸಿಗೆ ಯಾಕೆ ಮಾಡಿದೆ ಅಂತ ಬೈತಿದ್ದಾರೆ. ಇವತ್ತು ಭಾನುವಾರವಂತೆ!"

"ಹೌದು. ಅದಕ್ಕೇನೀಗ?"

"ಕೆಲಸದ ದಿನ ಅಂದ್ರೆ ತಗೊಳ್ಳುವವರ ಊರಿನ ಕೆಲಸದ ದಿನ! ಅಲ್ಲಿ ಇವತ್ತು ರಜೆ!"

ಆಗೆಲ್ಲ ಇಲ್ಲಿ ನಮಗೆ ರಜೆ ಶುಕ್ರವಾರ. ಭಾನುವಾರದ ಪೂಜೆಯನ್ನೂ ಶುಕ್ರವಾರವೇ ಮುಗಿಸುತ್ತಿದ್ದವರು ನಾವು. ಭಾನುವಾರ ಬ್ಯಾಂಕು ತೆರೆದಿರುತ್ತಿತ್ತು, ಶಾಲೆಯ ಬಸ್ಸು ಓಡುತ್ತಿತ್ತು. ಅದನ್ನೆಲ್ಲ ನೋಡಿ, ಓಡಿ ಓಡಿ ದಣಿದ ಸುಸನ್‌ಗೂ ವಾರವೇ ಮರೆತಿತ್ತು. ಗಲ್ಫಿನಲ್ಲಿ ತಲೆ ನರೆತ ಮೆಲ್ವಿನ್‌ಗೂ ಹೊಳೆಯಲಿಲ್ಲ.

ನನಗೂ!

ಆ ಕಾಗದಕ್ಕೆ ಜೀವ ಬರುವುದು ಸೋಮವಾರ ಅಲ್ಲಿ ಆಫೀಸು ತೆರೆದ ಮೇಲೆ. ಅಷ್ಟರಲ್ಲಿ ಹಡಗು ಕಾಲುವೆಯೊಳಗೆ!

ಸುಸನ್ ತುಟಿಯಂಚು ಅರಳತೊಡಗಿತು.

"ನಗಬೇಡ!" ಅವಳ ತೋಳು ಚಿವುಟಿದೆ. ಪ್ರಾಡೊ ಇನ್ನೂ ಅಲ್ಲೇ ಇತ್ತು. ಮೆಲ್ವಿನ್‌ಗೆ ಸುಳಿವು ಸಿಕ್ಕರೆ ಹಡಗಿನ ವೇಗ ತಗ್ಗಿಸಿ ಒಂದು ದಿನ ತಡಮಾಡಿಸುತ್ತಾನೆ! "ಅಳು, ಸುಸನ್... ಜೋರಾಗಿ ಅಳು!"

ಅತ್ತೆವು. ಇಬ್ಬರಿಗೂ ಕಷ್ಟವಾಗಲಿಲ್ಲ.

ಸೋಮವಾರ ಮಧ್ಯಾಹ್ನ ಮೆಲ್ವಿನ್ ಫೋನ್ ಮಾಡಿದ. ಹಡಗು ಅಷ್ಟರಲ್ಲಿ ಕಾಲುವೆಯಲ್ಲಿತ್ತು. ಬೈಯುತ್ತಾನೆಂದುಕೊಂಡೆ. ನಕ್ಕ. ಹೆದರಿಕೆಯಾದದ್ದು ಅದಕ್ಕೇ.

"ಒಂದು ಹಡಗಲ್ಲಿ ಚಳಿಗಾಲ ಕಳೀತದಾ, ಬಾಯಿ? ಇನ್ನೊಂದು ತರಿಸ್ತಾರಲ್ಲ... ಆಗ ಕ್ಯಾಲೆಂಡರ್ ನೋಡಿಯೇ ಬರ್ತೇನೆ."

ಫೋನ್ ಇಟ್ಟೆ. ಫ್ಲಾಟಿನ ಬೀಗ ಬದಲಿಸಲು ಬೀಗದವನನ್ನು ಕರೆಸಿದೆ.

ಆ ಊರಿನಲ್ಲಿ ಚಳಿಗಾಲ ಅರ್ಧವೂ ಮುಗಿದಿರಲಿಲ್ಲ. ನಮ್ಮನ್ನು ಉಳಿಸುವ ಭಾನುವಾರ ಮಾತ್ರ ವಾರಕ್ಕೆ ಒಂದೇ!