ಚೊಚ್ಚಲ ಹೆರಿಗೆ ತವರಿನಲ್ಲೇ

“ಅಮ್ಮಾ, ನೀನು ನನ್ನನ್ನ ಬ್ರಿಸ್ಬೇನಲ್ಲೇ ಯಾಕೆ ಹೆರಲಿಲ್ಲ?”

ಉಮಾವತಿಯ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಗೇ ನಿಂತುಬಿಟ್ಟಿತು. ಮಕ್ಕಳು ತಾಯಿಯನ್ನು ಏನೇನೋ ಕೇಳುತ್ತಾರೆ. ಹೊಸ ಫೋನು ಯಾಕಿಲ್ಲ, ನಿನ್ನೆಯ ಸಾಂಬಾರೇ ಯಾಕೆ ಇವತ್ತೂ, ಹೀಗೆ. ಆದರೆ ಇಪ್ಪತ್ತೊಂದು ವರ್ಷದ ಮಗಳು ಅಡುಗೆಮನೆಯ ಬಾಗಿಲು ತುಂಬ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ಹುಟ್ಟಿದ ಊರಿಗೇ ಲೆಕ್ಕ ಕೇಳುತ್ತಾಳೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ವಾರವಿಡೀ ಸಿಂಗಾಪುರದ ಚೈಲ್ಡ್‌ಕೇರ್‌ನಲ್ಲಿ ಊರವರ ಮಕ್ಕಳನ್ನು ಸುಧಾರಿಸಿ, ಮನೆಗೆ ಬಂದು ಹಾಸಿಗೆ ಹಿಡಿದ ಅತ್ತೆಯನ್ನು ಸುಧಾರಿಸಿ, ಒಂದು ಭಾನುವಾರ ಬೆಳಗ್ಗೆಯಾದರೂ ಯಾರೂ ಏನೂ ಕೇಳದಿದ್ದರೆ ಸಾಕು ಎಂದುಕೊಂಡಿದ್ದ ಹೆಂಗಸು ಆಕೆ. ಸ್ಟವ್ ಆರಿಸಿದಳು.

“ಏನಾಯ್ತು ಸುರಕ್ಷಾ?”

“ಬ್ರಿಸ್ಬೇನ್ ಕೋಚ್ ಕಾಲ್ ಮಾಡಿದ್ರು. ಅಲ್ಲಿ ನ್ಯಾಷನಲ್ ಟೀಮಿಗೆ ಪ್ರಾಪ್‌ಗಳೇ ಸಾಲ್ತಾ ಇಲ್ವಂತೆ. ಇಬ್ರಿಗೆ ಇಂಜುರಿ ಆದ್ರೆ ಅವರ ಹಿಂದೆ ಯಾರು ಅಂತ ಅವರಿಗೇ ಗೊತ್ತಿಲ್ವಂತೆ. ‘ನೀನು ಇಲ್ಲೇ ಹುಟ್ಟಿದ್ದು ತಾನೇ?’ ಅಂತ ಕೇಳಿದ್ರು. ಇಲ್ಲ ಸರ್, ಉಡುಪಿ ಅಂದೆ…” ಮಾತು ಅಲ್ಲೇ ಒಡೆಯಿತು. “ಅವರು ಒಂದು ನಿಮಿಷ ಸುಮ್ಮನಾದ್ರು ಅಮ್ಮ!”

ಸುರಕ್ಷಾ ರಗ್ಬಿ ಆಡುವವಳು. ಎರಡು ತಂಡದವರೂ ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್ ಎನ್ನುವುದುಂಟಲ್ಲ, ಅದರ ಮುಂದಿನ ಸಾಲಿನಲ್ಲಿ ನಿಂತು ಭಾರ ಹೊರುವವಳೇ ಪ್ರಾಪ್. ಅದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಸಿಂಗಾಪುರದ ಶಾಲೆಯಲ್ಲಿ ಕಲಿತ ಆಟವನ್ನು ಅವಳು ಹೋದ ವರ್ಷ ಬ್ರಿಸ್ಬೇನಿನ ಕ್ಲಬ್ಬೊಂದರಲ್ಲಿ ಒಂದು ಸೀಸನ್ ಆಡಿ ಬಂದಿದ್ದಳು. ಅಲ್ಲಿಯವರ ಕಣ್ಣಿಗೆ ಬಿದ್ದದ್ದು ಆಗಲೇ. ಆದರೆ ಒಂದು ದೇಶಕ್ಕೆ ಆಡಬೇಕಾದರೆ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಪ್ಪ-ಅಮ್ಮನೋ ಅಜ್ಜ-ಅಜ್ಜಿಯೋ ಅಲ್ಲಿ ಹುಟ್ಟಿರಬೇಕು. ಅದೂ ಇಲ್ಲದವರು ಐದು ವರ್ಷ ಸತತವಾಗಿ ಅಲ್ಲೇ ಬಾಳಬೇಕು. ಆ ನಡುವೆ ಬೇರೆ ದೇಶದ ಜೆರ್ಸಿಯನ್ನು ಒಮ್ಮೆ ತೊಟ್ಟರೂ ಸುರಕ್ಷಾಳಂಥವಳಿಗೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಇತ್ತ ಸಿಂಗಾಪುರದ ತಂಡದ ಕೋಚ್ ಮಿಸ್ ಟ್ಯಾನ್, ಮುಂದಿನ ತಿಂಗಳ ಪಂದ್ಯಕ್ಕೆ ಅವಳ ಹೆಸರನ್ನು ಆಗಲೇ ಸೇರಿಸಿದ್ದರು.

“ತೃಷಾ ಅಲ್ಲಿ ಹುಟ್ಟಿದಾಳೆ! ಬಾಲ್ ಬಂದ್ರೆ ಕಣ್ಣು ಮುಚ್ಕೊಳ್ಳೋ ತೃಷಾ ಆಸ್ಟ್ರೇಲಿಯಾಗೆ ಆಡಬಹುದು, ನಾನು ಆಡೋ ಹಾಗಿಲ್ಲ!”

“ನನ್ನನ್ಯಾಕೆ ಎಳೀತೀಯ ಲಾ?” ಎಂದಳು ಸೋಫಾದ ಮೇಲೆ ಕಾಲು ಚಾಚಿದ್ದ ತಂಗಿ ತಲೆ ಎತ್ತದೆ, ಮಾತಿನ ಬಾಲಕ್ಕೆ ಸಿಂಗಾಪುರದವರ ‘ಲಾ’ ಸೇರಿಸಿ.

ಕಿಟಕಿಯ ಪಕ್ಕ ವೀಲ್‌ಚೇರಿನಲ್ಲಿ ಕೂತಿದ್ದ ಜಲಜಕ್ಕ ಗಂಟಲು ಸರಿಮಾಡಿಕೊಂಡರು. ಇವರೇ ಉಮಾವತಿಯ ಅತ್ತೆ. ಈ ವರ್ಷ ಸೊಂಟದ ಮೂಳೆ ಮುರಿದ ಮೇಲೆ ಕಾಲು ಸೋತಿತ್ತೇ ಹೊರತು ನಾಲಿಗೆಗೆ ಏನೂ ಆಗಿರಲಿಲ್ಲ. ಡಾಕ್ಟರು ಬೇಡವೆಂದರೂ ಕಾಫಿಗೆ ಎರಡು ಚಮಚ ಸಕ್ಕರೆ ಬೇಕೇ ಬೇಕು. “ನಿನ್ನ ಅಮ್ಮನನ್ನೇ ಕೇಳು ಮಾರಾಯ್ತಿ. ತವರು ತವರು ಅಂತ ಓಡಿದ್ದು ಅವಳಲ್ವಾ? ಮೂರು ತಿಂಗಳು ಹಾಯಾಗಿ ಇದ್ದು ಬಂದಳು. ಈಗ ಮಗು ಅನುಭವಿಸ್ತಾ ಉಂಟು.”

ಮಗಳು ತಾಯಿಯ ಮುಖವನ್ನೇ ನೋಡಿದಳು. ಗಂಡ ಸೀನಪ್ಪ ಫೋನಿನೊಳಗೆ ತಲೆ ಇನ್ನಷ್ಟು ತಗ್ಗಿಸಿದ. ಅವನಿಗೆ ಎಲ್ಲ ಗೊತ್ತಿತ್ತು! ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಹೆರಿಗೆಗೆಂದು ಉಮಾವತಿ ಬ್ಯಾಗು ಕೂಡ ತುಂಬಿಟ್ಟಿದ್ದಳು. ಆಗ ಉಡುಪಿಯಿಂದ ಫೋನು ಮಾಡಿದವರು ಇದೇ ಅತ್ತೆ. ಬಯಕೆಯ ಶಾಸ್ತ್ರ ಮುಗಿಸಿ ತವರಿಗೆ ಹೋಗಬೇಕು, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಇಲ್ಲವಾದರೆ ಸೊಸೆಯನ್ನು ತಾಯಿಮನೆಗೂ ಕಳಿಸದ ಜನ ಎಂದು ಊರು ಆಡಿಕೊಳ್ಳುತ್ತದೆ ಎಂದು ಹಠ ಹಿಡಿದು, ಅತ್ತು, ಊಟ ಬಿಟ್ಟು, ಮಗನನ್ನು ಬಗ್ಗಿಸಿದವರೂ ಇವರೇ. ಎರಡನೆಯದು ಎಲ್ಲಿಯಾದರೂ ಆದೀತು ಎಂದದ್ದರಿಂದ ತೃಷಾ ಬ್ರಿಸ್ಬೇನಿನಲ್ಲಿ ಹುಟ್ಟಿದಳು. ದೊಡ್ಡವಳಿಗೆ ನಾಲ್ಕು ತುಂಬುವಷ್ಟರಲ್ಲಿ ಸೀನಪ್ಪನ ಕೆಲಸ ಸಿಂಗಾಪುರಕ್ಕೆ ಶಿಫ್ಟ್ ಆಯಿತು. ಅಲ್ಲಿಗೆ ಬ್ರಿಸ್ಬೇನಿನ ಕತೆ ಮುಗಿದಿತ್ತು.

ಇಷ್ಟನ್ನು ಮಗಳ ಮುಂದೆ ಹೇಳಿಬಿಡಬಹುದಿತ್ತು. ಉಮಾವತಿ ಹೇಳಲಿಲ್ಲ. ಅತ್ತೆಯ ಮೇಲಿನ ಗೌರವವೆಂದು ಯಾರಾದರೂ ತಿಳಿದರೆ ತಿಳಿಯಲಿ, ನಿಜವಾಗಿ ಅವಳಿಗೆ ಸುಸ್ತಾಗಿತ್ತು. ಇನ್ನೂ ಒಂದು ಮಾತಿತ್ತು, ಅದನ್ನು ಯಾರ ಮುಂದೆಯೂ ಬಿಚ್ಚಿರಲಿಲ್ಲ. ಅಂದು ಒಲ್ಲದ ಮನಸ್ಸಿನಿಂದಲೇ ಊರಿಗೆ ಹೋದವಳನ್ನು ಹೆತ್ತಮ್ಮ ಮಗುವಿನಂತೆ ನೋಡಿಕೊಂಡಿದ್ದಳು. ಬಾಣಂತಿಗೆ ದಿನವೂ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ತಲೆಗೆ ಬಟ್ಟೆ ಕಟ್ಟಿ, ಹತ್ತಿರ ಕೂತು ಉಣ್ಣಿಸಿದ್ದಳು. ಮಾರನೆಯ ವರ್ಷವೇ ಆ ತಾಯಿ ತೀರಿಕೊಂಡಳು. ಆ ತಿಂಗಳುಗಳನ್ನು ತಪ್ಪು ಎನ್ನಲು ಉಮಾವತಿಗೆ ಬಾಯಿ ಬರುವುದಾದರೂ ಹೇಗೆ?

“ಕೈಕಾಲು ತೊಳ್ಕೊಂಡು ಬಾ, ಊಟ ಮಾಡು,” ಎಂದಳಷ್ಟೆ.

“ನಂಗೆ ಊಟ ಬೇಡ!” ಸುರಕ್ಷಾ ಕೋಣೆಯ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ತಾನೇ ಹೊರಬಂದಳು. ಅಜ್ಜಿಯನ್ನು ಬಚ್ಚಲಿಗೆ ಕರೆದೊಯ್ಯುವ ಹೊತ್ತಾಗಿತ್ತು. ಬಗ್ಗಿ, ಎರಡೂ ತೋಳಿನಲ್ಲಿ ಬಳಸಿ, ಹೂವಿನ ಬುಟ್ಟಿಯಂತೆ ಎತ್ತಿ ನಿಲ್ಲಿಸಿದಳು. ಇಷ್ಟು ಅಗಲದ ಹೆಗಲಿನ ಹುಡುಗಿಗೆ ಗಂಡು ಯಾವ ದೇಶದಿಂದ ತರುವುದು ಎಂದು ದಿನವೂ ಹಂಗಿಸುವ ಜಲಜಕ್ಕ, ಅದೇ ಹೆಗಲಿನ ಮೇಲೆ ತಲೆ ಇಟ್ಟು ನಡೆದರು. ಅಜ್ಜಿಯನ್ನು ನೋಡಿಕೊಳ್ಳಲು ಮನೆಗೆ ಎರಡು ಸಲ ಹೆಲ್ಪರ್ ಬಂದಿದ್ದರು. ಇಬ್ಬರನ್ನೂ ಆಕೆ ಅಳಿಸಿ ಕಳಿಸಿದ್ದರು. ಮಗನ ಕೈಯಲ್ಲಿ ಬಚ್ಚಲಿಗೆ ಹೋಗಲು ನಾಚಿಕೆ. ಸೊಸೆ ಎತ್ತಲು ಹೋದರೆ ಸೊಸೆಯ ಸೊಂಟವೇ ಹಿಡಿದುಕೊಳ್ಳುತ್ತಿತ್ತು. ಉಳಿದವಳು ಇವಳೊಬ್ಬಳೇ.

ನಾಲ್ಕನೆಯ ದಿನ ಸಂಜೆ ಸುರಕ್ಷಾ ಊಟದ ಮೇಜಿನ ಬಳಿ ನಿಂತು, “ನಾನು ಸಿಂಗಾಪುರ್‌ಗೇ ಆಡ್ತೀನಿ. ಡಿಸೈಡ್ ಆಯ್ತು. ಆಸ್ಟ್ರೇಲಿಯಾ ಎಲ್ಲ ಸುಮ್ನೆ ಆಸೆ,” ಎಂದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಜಲಜಕ್ಕ, “ಒಳ್ಳೆದಾಯ್ತು, ಮನೆಯಲ್ಲೇ ಇರು,” ಎಂದರು. ಸೀನಪ್ಪ ನಿಟ್ಟುಸಿರು ಬಿಟ್ಟ. ಉಮಾವತಿಗೂ, ಸುಳ್ಳು ಯಾಕೆ ಹೇಳಬೇಕು, ಒಂದು ಗಳಿಗೆ ಹಾಯೆನಿಸಿತು. ಹಾಗೆ ಎನಿಸಿದ್ದಕ್ಕೆ ಮರುಗಳಿಗೆಯೇ ತನ್ನ ಮೇಲೆ ತನಗೇ ಸಿಟ್ಟು ಬಂತು.

ಅವಳು ಕಸದ ಚೀಲ ಹಿಡಿದು ಲಿಫ್ಟಿನಲ್ಲಿ ಕೆಳಗಿಳಿದಾಗ ತೃಷಾ ಹಿಂದೆಯೇ ಬಂದಳು. ಫ್ಲ್ಯಾಟಿನ ತಳದ ಬಯಲು ಜಾಗವಾದ ವಾಯ್ಡ್ ಡೆಕ್‌ನ ಕಲ್ಲಿನ ಬೆಂಚಿನ ಮೇಲೆ ಇಬ್ಬರೂ ಕೂತರು.

“ಅಮ್ಮ, ಅಕ್ಕ ಹೇಳಲ್ಲ, ನಾನೇ ಹೇಳ್ತೀನಿ. ಅವಳು ಸಿಂಗಾಪುರ್‌ಗೋಸ್ಕರ ಇರ್ತಾ ಇಲ್ಲ. ಅಜ್ಜಿನ ಎತ್ತೋಕೆ ಯಾರಿದಾರೆ ಅಂತ. ‘ಅಮ್ಮನ ಸೊಂಟ ಹೋಗುತ್ತೆ, ನಾನು ಐದು ವರ್ಷ ಹೋದ್ರೆ ಅಮ್ಮ ಉಳಿಯಲ್ಲ’ ಅಂತ ನಿನ್ನೆ ಅತ್ತಳು. ನಂಗೆ ಎತ್ತೋಕೆ ಆಗುತ್ತಾ? ನೋಡು ನನ್ನ ಕೈ, ಕಡ್ಡಿ ಲಾ!”

ಉಮಾವತಿ ಆ ಕಡ್ಡಿ ಕೈಯನ್ನು ಹಿಡಿದುಕೊಂಡಳು. ಮಗಳು ತನ್ನನ್ನು ಲೆಕ್ಕ ಕೇಳುತ್ತಿದ್ದಾಳೆ ಎಂದುಕೊಂಡಿದ್ದಳಲ್ಲ! ಅವಳಾದರೋ ತಾಯಿಗಾಗಿ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳಲು ಹೊರಟಿದ್ದಳು. ಒಂದು ಸಲ ಮನೆಯ ಹಠಕ್ಕೆ ಮಗಳ ಹಣೆಬರಹ ಬರೆದದ್ದಾಯಿತು. ಎರಡನೆಯ ಸಲ ಅದು ತನ್ನ ಸೊಂಟದ ದೆಸೆಯಿಂದ ಆಗಬೇಕೇ? ಅಯ್ಯೋ, ಎಷ್ಟು ದಣಿದಿದ್ದರೂ ಇದೊಂದನ್ನು ತಾಯಿಯಾದವಳು ತಡೆಯಬಾರದೇ…

ಮಾರನೆಯ ಸಂಜೆ ಪಾಸಿರ್ ರಿಸ್ ಕಡಲ ದಂಡೆಯ ಹುಲ್ಲಿನ ಮೇಲೆ ಅವಳು ದೊಡ್ಡ ಮಗಳ ಎದುರು ಸೆರಗು ಸಿಕ್ಕಿಸಿ ನಿಂತಳು.

“ನೀನು ಅಜ್ಜಿನ ಹೇಗೆ ಎತ್ತುತ್ತೀಯೋ ಅದನ್ನ ನಂಗೆ ಕಲಿಸು.”

“ಅಮ್ಮ, ಬೇಡ. ಪ್ಲೀಸ್.”

“ಕಲಿಸ್ತೀಯೋ ಇಲ್ವೋ? ನಾನೇ ಎತ್ತೋಕೆ ಹೋಗಿ ಸೊಂಟ ಮುರ್ಕೊಂಡ್ರೆ ಆಮೇಲೆ ನೀನೇ ಅಳ್ತೀಯ.”

ಸುರಕ್ಷಾ ತಾಯಿಯನ್ನು ದಿಟ್ಟಿಸಿದಳು. ಆಮೇಲೆ ಮೆಲ್ಲನೆ ಹತ್ತಿರ ಬಂದು ಅವಳ ಬೆನ್ನಿನ ಮೇಲೆ ಕೈಯಿಟ್ಟಳು. “ನೀನು ಬೆನ್ನಲ್ಲಿ ಎತ್ತುತ್ತೀಯ, ಅದೇ ತಪ್ಪು. ಬೆನ್ನು ಬಾಗಬಾರದು. ಕಾಲು ಅಗಲ ಇಡು. ಇನ್ನೂ ಕೆಳಗೆ ಕೂರು. ಎದುರಿನವರನ್ನ ಎದೆಗೆ ಒತ್ತಿ ಹಿಡ್ಕೋ, ದೂರ ಇಟ್ರೆ ಭಾರ ಜಾಸ್ತಿ. ಈಗ ನೆಲವನ್ನ ಕಾಲಿಂದ ತಳ್ಳು.”

ಅಜ್ಜಿಯ ಪಾತ್ರ ತೃಷಾಳದು. “ಸೊಸೇ, ನನ್ನನ್ನು ಬೀಳಿಸ್ತೀಯಾ ಎಂತ?” ಎಂದು ಅವಳು ಜಲಜಕ್ಕನ ಧಾಟಿಯಲ್ಲಿ ಕೂಗಿದಾಗ ಉಮಾವತಿಗೆ ನಗು ಬಂದು, ಇಬ್ಬರೂ ಹುಲ್ಲಿನ ಮೇಲೆ ಉರುಳಿದರು. ನಾಯಿ ಹಿಡಿದು ನಡೆಯುತ್ತಿದ್ದ ಚೀನೀ ಅಂಕಲ್ ಒಬ್ಬರು ನಿಂತು ನೋಡಿ, ಏನೂ ಅರ್ಥವಾಗದೆ ಮುಂದೆ ಹೋದರು. ವಾರವಿಡೀ ಇದೇ ಆಯಿತು. ತೊಡೆಗಳು ಉರಿಯುತ್ತಿದ್ದವು, ಬೆಳಗ್ಗೆ ಹಾಸಿಗೆಯಿಂದೇಳಲು ಅಳು ಬರುತ್ತಿತ್ತು, ಆದರೂ ಸೊಂಟ ಹಿಡಿಯಲಿಲ್ಲ. ಸೀನಪ್ಪ ಒಂದು ದಿನ ತಾನಾಗಿ ಅನ್ನಕ್ಕಿಟ್ಟು, “ಇನ್ಮೇಲೆ ಸಂಜೆ ಅಡುಗೆ ನಂದು,” ಎಂದ. ಅಷ್ಟು ವರ್ಷಗಳ ಮೌನಕ್ಕೆ ಅದು ಸಾಲದು. ಆದರೂ ಉಮಾವತಿ ಬೇಡವೆನ್ನಲಿಲ್ಲ.

ಮಿಸ್ ಟ್ಯಾನ್‌ಗೆ ಅಂತಿಮ ಉತ್ತರ ಹೇಳಬೇಕಾದ ದಿನ ಬೆಳಗ್ಗೆ ಉಮಾವತಿ ಅತ್ತೆಯ ಹಾಸಿಗೆಯ ಪಕ್ಕಕ್ಕೆ ಬಂದು ನಿಂತಳು. ಹಿಂದೆಯೇ ಬಂದ ಸುರಕ್ಷಾ ಒಂದು ಮಾರು ದೂರದಲ್ಲಿ ನಿಂತಳು.

“ಇವತ್ತು ನಾನು ಎತ್ತುತ್ತೀನಿ ಅತ್ತೆ.”

“ನೀನಾ? ಬೇಡ ಮಾರಾಯ್ತಿ! ನನ್ನ ಇನ್ನೊಂದು ಕಾಲೂ ಮುರೀತದೆ. ಸುರಕ್ಷಾ, ಬಾ ಮಗಾ…”

“ಅವಳು ಬರಲ್ಲ. ನನ್ನ ಕುತ್ತಿಗೆ ಹಿಡ್ಕೊಳ್ಳಿ.”

ಸೊಸೆಯ ದನಿ ಹಾಗೆ ಕೇಳಿದ್ದು ಜಲಜಕ್ಕನಿಗೆ ಅದೇ ಮೊದಲು. ಹೆದರುತ್ತ ಎರಡೂ ಕೈ ಚಾಚಿದರು. ಉಮಾವತಿ ಕಾಲಗಲಿಸಿ ತಗ್ಗಿ, ಆ ಒಣಗಿದ ಮೈಯನ್ನು ಎದೆಗೆ ಒತ್ತಿಕೊಂಡಳು. ಮದುವೆಯಾಗಿ ಬಂದ ಮೇಲೆ ಈ ಹೆಂಗಸನ್ನು ಅವಳು ಇಷ್ಟು ಹತ್ತಿರ ಹಿಡಿದಿರಲಿಲ್ಲ. ಬೇವಿನೆಣ್ಣೆಯ ವಾಸನೆ, ಗಡಗಡ ನಡುಗುವ ಭುಜಗಳು. ನೆಲವನ್ನು ಕಾಲಿನಿಂದ ತಳ್ಳಿದಳು… ಅತ್ತೆ ಮೇಲೆದ್ದರು! ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ನಿಂತುಬಿಟ್ಟರು. ಉಮಾವತಿಯ ಕಿವಿಯ ಪಕ್ಕದಲ್ಲೇ ಜಲಜಕ್ಕ ಬಿಕ್ಕಿದರು.

“ಅವತ್ತು ಹಠ ಮಾಡಿ ನಿನ್ನನ್ನು ಕರೆಸಿದ್ದು ನಾನು. ನೀನು ಮಗಳ ಹತ್ರ ಯಾಕೆ ಹೇಳ್ಲಿಲ್ಲ? ಹೇಳಬಹುದಿತ್ತಲ್ಲ… ನಾನು ಸುಳ್ಳಿ ಅಂತ ಹೇಳಬಹುದಿತ್ತಲ್ಲ!”

“ನೀವು ಕರೆಸಿದ್ದಕ್ಕೆ ನನ್ನ ಅಮ್ಮನ ಕೈಯಲ್ಲಿ ಬಾಣಂತನ ಮಾಡಿಸ್ಕೊಂಡೆ, ಅತ್ತೆ. ಆಮೇಲೆ ಅವಳು ನಂಗೆ ಸಿಗಲೇ ಇಲ್ಲ… ಅದನ್ನ ಯಾವ ಬಾಯಲ್ಲಿ ತಪ್ಪು ಅನ್ನಲಿ?”

ಸುರಕ್ಷಾಳ ಎರಡೂ ಕೈಗಳು ಇವರತ್ತ ಚಾಚಿಕೊಂಡೇ ಇದ್ದವು, ಬಿದ್ದರೆ ಹಿಡಿಯಲೆಂದು. ಯಾರೂ ಬೀಳಲಿಲ್ಲ. ಉಮಾವತಿ ಒಂದೊಂದೇ ಹೆಜ್ಜೆ ಸರಿದು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಸೀರೆ ಸರಿಮಾಡಿ, ಮಗಳತ್ತ ತಿರುಗಿದಳು. ಬೆವರು ಯಾವುದು, ಕಣ್ಣೀರು ಯಾವುದು ಗೊತ್ತಾಗುತ್ತಿರಲಿಲ್ಲ.

“ಮಿಸ್ ಟ್ಯಾನ್‌ಗೆ ಫೋನ್ ಮಾಡು. ಬರಲ್ಲ ಅಂತ ಹೇಳು. ಬ್ರಿಸ್ಬೇನ್‌ಗೆ ಹೊರಡು.”

“ಅಮ್ಮ, ಐದು ವರ್ಷ ಇದ್ದ ಮೇಲೂ ಅವರು ತಗೊಳ್ಳದೇ ಇದ್ರೆ? ಮಿಸ್ ಟ್ಯಾನ್‌ಗೂ ಬೇಡವಾಗಿ, ಅಲ್ಲಿಗೂ ಬೇಡವಾಗಿ…”

“ಇದ್ರೆ ಇರಲಿ. ಆಗ ನೋಡ್ಕೊಳ್ಳೋಣ. ಆಡೋಕೆ ಹೋಗಿ ಸಿಗಲಿಲ್ಲ ಅಂದ್ರೆ ನಾನು ತಡ್ಕೋತೀನಿ. ನಂಗೋಸ್ಕರ ಹೋಗಲಿಲ್ಲ ಅಂದ್ರೆ ತಡ್ಕೊಳ್ಳೋಕೆ ಆಗಲ್ಲ ಕಣೇ.”

ಸುರಕ್ಷಾ ತಾಯಿಯನ್ನು ಬಾಚಿ ತಬ್ಬಿದಳು. “ಆವತ್ತು ಹಾಗೆ ಕೇಳಬಾರದಿತ್ತು ಅಮ್ಮ… ಸಾರಿ…” ಎಂದು ಮಗುವಿನಂತೆ ಅತ್ತಳು. ಆಮೇಲೆ ಫೋನು ಹಿಡಿದು ಕಾರಿಡಾರಿಗೆ ಹೋದಳು. ತನ್ನನ್ನು ಹದಿಮೂರರಿಂದ ಬೆಳೆಸಿದ ಕೋಚ್‌ಗೆ ಇಲ್ಲ ಎನ್ನುವುದು ಸುಲಭವಲ್ಲ. ಅವಳ ದನಿ ಎರಡು ಸಲ ತಡವರಿಸಿದ್ದು ಒಳಗೂ ಕೇಳಿಸಿತು.

ಉಮಾವತಿ ಅತ್ತೆಯ ಹಾಸಿಗೆಯ ಅಂಚಿನಲ್ಲೇ ಕೂತಳು. ಮಧ್ಯಾಹ್ನ ಮತ್ತೆ ಎತ್ತಬೇಕು, ಸಂಜೆ ಮತ್ತೆ, ನಾಳೆ ಮತ್ತೆ. ಮಗಳು ಅಲ್ಲಿ ತಪ್ಪದೆ ಕಳೆಯಬೇಕಾದ ಅಷ್ಟೂ ವರ್ಷಗಳನ್ನು ತಾನಿಲ್ಲಿ ಕಳೆಯಬೇಕು.

ಜಲಜಕ್ಕ ಕಿಟಕಿಯಾಚೆ ನೋಡುತ್ತಲೇ ಹೇಳಿದರು.

“ಐದು ವರ್ಷ ಅಂದ್ರೆ ನಾನು ಎಲ್ಲಿರ್ತೇನೆ ಉಮಾ? ಬೇಗ ಹೋದರೆ ನಿನಗಾದರೂ ಬಿಡುಗಡೆ.”

ಅತ್ತೆ ತನ್ನನ್ನು ಹೆಸರು ಹಿಡಿದು ಕರೆದದ್ದು ಉಮಾವತಿಗೆ ಒಡನೆ ಹೊಳೆಯಲಿಲ್ಲ. ಹೊಳೆದಾಗ ಅವಳು ಎದ್ದು ಕುರ್ಚಿಯ ಬಳಿ ಬಂದಳು.

“ಹಾಗೆಲ್ಲ ಹೋಗೋ ಹಾಗಿಲ್ಲ ಅತ್ತೆ. ಅವಳು ಆಡೋದನ್ನ ನೀವು ನೋಡಬೇಕು. ನಾನು ಎತ್ತಿ ಕೂರಿಸ್ತೀನಿ, ಟಿವಿ ಮುಂದೆ.”

ಜಲಜಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. ಸ್ವಲ್ಪ ಯೋಚಿಸಿದರು.

“ಹಾಗಾದ್ರೆ ಇವತ್ತಿಂದ ನನ್ನ ಕಾಫಿಗೆ ಸಕ್ಕರೆ ಹಾಕಬೇಡ,” ಎಂದರು.

ಉಮಾವತಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋಗಿ ಹಾಲು ಕಾಯಲಿಟ್ಟಳು.