ಗೆರೆಯೋ, ಚೌಕವೋ

ಪರಶು ಸುಳ್ಳು ಹೇಳಿದರೆ ಅವನ ಕಿವಿ ಕೆಂಪಗಾಗುತ್ತದೆ ಎಂದು ನನಗೆ ಗೊತ್ತಾಗಿದ್ದು ೨೦೦೫ರ ಬೇಸಿಗೆಯಲ್ಲಿ, ಸವದತ್ತಿಯ ನಮ್ಮ ಜಲಾನಯನ ಸಂಸ್ಥೆಯ ಕಂಪ್ಯೂಟರ್ ಕೋಣೆಯಲ್ಲಿ.

ಗುಡ್ಡದ ಮೇಲೆ ಬಿದ್ದ ಮಳೆನೀರು ಎತ್ತ ಹರಿಯುತ್ತದೆ, ಒಡ್ಡು ಎಲ್ಲಿ ಹಾಕಬೇಕು ಎಂದು ತೋರಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದ ಅವನು. ಅದಕ್ಕೆ ನೆಲದ ಎತ್ತರ ಗೊತ್ತಿರಬೇಕು. ಅದಕ್ಕೆ ಎರಡು ದಾರಿ. ಒಂದು ಸರ್ವೇ ನಕಾಶೆ, ಅಂದರೆ ಟೋಪೋಶೀಟ್: ಅದರ ಮೇಲೆ ಎತ್ತರ ತೋರಿಸುವ ಕಂದು ಗೆರೆಗಳನ್ನು ಮೌಸ್ ಹಿಡಿದು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಬೇಕು. ಇನ್ನೊಂದು ಡಿಇಎಂ: ಆಕಾಶದಿಂದ ರೇಡಾರ್ ಅಳೆದದ್ದು, ನೆಲವನ್ನೆಲ್ಲ ಚೌಕ ಮಾಡಿ ಚೌಕಕ್ಕೊಂದು ಎತ್ತರ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ. ಅದನ್ನು ಆರಿಸಿದರೆ ಗೆರೆ ಎಳೆಯುವ ಸ್ನೇಹಲ್‌ಗೆ, ಅಂದರೆ ನನಗೆ, ಕೆಲಸವಿಲ್ಲ. ಅವನ ಪಕ್ಕದ ಕುರ್ಚಿಯೂ ಇಲ್ಲ.

ಆ ಕುರ್ಚಿ ನನಗೆ ಬಹಳ ಇಷ್ಟ. ಪರದೆಯ ಮೇಲೆ ಹಳ್ಳವೊಂದು ನೀಲಿಯಾಗಿ ಮೂಡಿದರೆ, ಬರೆದವನು ತಾನೇ ಆಗಿದ್ದರೂ ಬೆರಗಾಗಿ ನಗುತ್ತಿದ್ದ. ಕಷ್ಟದ್ದನ್ನು ಅಷ್ಟು ಸಲೀಸಾಗಿ ಮಾಡುವವರನ್ನು ನಾನು ಕಂಡಿರಲಿಲ್ಲ. ನಾನು ಗೆರೆ ನೋಡುತ್ತಿದ್ದೇನೆಂದು ಅವನು ತಿಳಿದಿದ್ದ. ಅರ್ಧ ಹೊತ್ತು ನೋಡುತ್ತಿದ್ದುದು ಅವನನ್ನೇ.

ಸಂಸ್ಥೆಯ ಮುಖ್ಯಸ್ಥ ಮಡಿವಾಳೆಪ್ಪನವರು, ಎರಡನ್ನೂ ಒಂದು ಕಡೆ ಪರೀಕ್ಷಿಸಿ ಯಾವುದು ಬೇಕು ಹೇಳು ಎಂದು ಪರಶುವಿಗೆ ಹೇಳಿದರು. ಅವನು ಉಗರಗೋಳದ ಹತ್ತಿರದ ಕಿರಿದಾದ ಕೊರಕಲೊಂದನ್ನು ಆರಿಸಿದ. ಟೋಪೋಶೀಟ್ ಗೆದ್ದಿತು.

ನನಗೆ ಖುಷಿಯಾಗಬೇಕಿತ್ತು. ಮೈ ಉರಿಯಿತು. ಅಂಥ ಕೊರಕಲು ಡಿಇಎಂನ ತೊಂಬತ್ತು ಮೀಟರಿನ ಒಂದೇ ಚೌಕದೊಳಗೆ ಮುಚ್ಚಿಹೋಗುತ್ತದೆ ಎಂದು ಅವನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ? ಉಳಿದವರು ಊಟಕ್ಕೆ ಎದ್ದ ಮೇಲೆ ಕೇಳಿಯೇಬಿಟ್ಟೆ.

“ಚೌಕ ಸೋಲೋ ಜಾಗಾನ ಯಾಕ ಹುಡುಕಿದ್ರಿ?”

ಹತ್ತಿರ ಇತ್ತು, ಅದಕ್ಕೆ ಎಂದ. ಕಿವಿ ಕೆಂಪಾಯಿತು. ನಾನು ಕಣ್ಣು ಕೀಳಲಿಲ್ಲ. ಅವನು ಮೌಸಿನ ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ಚೌಕ ಗೆದ್ರ ನಾಳಿಂದ ನೀವು ಬರೂದಿಲ್ಲಲ್ರಿ.”

ನನಗೂ ಬೇಕಿದ್ದುದು ಅದೇ. ಆದರೂ ಬಿಡಲಿಲ್ಲ ನಾನು, ಬಿಡುವ ಜಾತಿಯವಳಲ್ಲ. ಸವದತ್ತಿ, ರಾಮದುರ್ಗ ಎರಡೂ ತಾಲೂಕಿನ ಗೆರೆ ನಾನು ಎಳೆದು ಮುಗಿಸುವಷ್ಟರಲ್ಲಿ ಮಳೆಗಾಲಗಳು ಬಂದು ಹೋಗುತ್ತವೆ, ಅಷ್ಟರಲ್ಲಿ ಕಟಕೋಳದ ಹೊಲಗಳ ಮಣ್ಣು ಕೊಚ್ಚಿಹೋಗಿರುತ್ತದೆ ಎಂದೆ.

“ನಿಮ್ಮ ಕೆಲಸ ನೋಡಿ ಮೆಚ್ಚೇನಿ ನಾ. ಅದನ್ನ ನನ್ನ ಸಲುವಾಗಿ ಕೆಡಸಬ್ಯಾಡ್ರಿ.”

ಅವನು ಊಟಕ್ಕೆ ಹೋಗಲಿಲ್ಲ. ಈ ಸಲ ಗುಡ್ಡದ ಇಡೀ ಇಳಿಜಾರನ್ನೇ ಪರೀಕ್ಷೆಗೆ ತೆಗೆದುಕೊಂಡ. ಪರದೆಯ ಮೇಲೆ ಚೌಕಗಳ ಲೆಕ್ಕದಲ್ಲಿ ಹರಿದ ನೀರು, ನಿಜವಾಗಿ ಹಳ್ಳಗಳಿರುವ ಕಡೆಗೇ ಹೋಯಿತು. ಮರುದಿನ ಮಡಿವಾಳೆಪ್ಪನವರ ಎದುರು ನಿಂತು, ಮೊದಲು ಮಾಡಿದ ಪರೀಕ್ಷೆ ನ್ಯಾಯದ್ದಲ್ಲ, ತಪ್ಪು ತನ್ನದು, ಡಿಇಎಂ ಸಾಕು, ಸಣ್ಣ ಕೊರಕಲುಗಳಿಗಷ್ಟೇ ಟೋಪೋಶೀಟ್ ನೋಡೋಣ ಎಂದು ಸ್ಪಷ್ಟವಾಗಿ ಹೇಳಿದ. ನಾನು ಬಾಗಿಲಲ್ಲಿದ್ದೆ. ಅವನ ಕಿವಿ ಕೆಂಪಾಗಿರಲಿಲ್ಲ. ಆ ಗಳಿಗೆಯಲ್ಲಿ ಅವನು ನನಗೆ ಎಷ್ಟು ಚೆಂದ ಕಂಡನೆಂದರೆ, ಕೆಲಸ ಹೋದದ್ದು ನೆನಪಾಗಲು ಸ್ವಲ್ಪ ಹೊತ್ತೇ ಬೇಕಾಯಿತು.

ಸಂಜೆ ಮನೋಳಿಯ ಬಸ್ಸಿಗೆ ನಿಂತಿದ್ದೆ. ನಾನು ಮರೆತು ಬಂದಿದ್ದ ಛತ್ರಿ ಹಿಡಿದು ಪರಶು ಬಂದ. ಕೊಟ್ಟ ಮೇಲೂ ಹೋಗಲಿಲ್ಲ.

“ಇನ್ನ ಗೆರಿ ನೆವಾನೂ ಇಲ್ಲ. ಏನಂತ ಹೇಳಿ ಭೆಟ್ಟಿ ಆಗ್ಲಿ?”

“ನೆವಾ ಯಾಕ ಬೇಕ್ರಿ? ಐತವಾರ ಮನಿಗೆ ಬರ್ರಿ.”

“ಮನ್ಯಾಗ ಯಾರಂತ ಹೇಳ್ತೀರಿ?”

ಬಸ್ಸು ಬಂತು. ಮೆಟ್ಟಿಲು ಹತ್ತಿ ತಿರುಗಿದೆ.

“ಅವ್ವಗ ನಿಮ್ಮ ಸುದ್ದಿ ನಿನ್ನೆ ರಾತ್ರೀನ ಹೇಳೇನಿ.”

ಕಿಟಕಿಯಿಂದ ಬಗ್ಗಿ ನೋಡಿದರೆ ಅವನ ಕಿವಿ ಕೆಂಪಗಾಗಿತ್ತು. ಈ ಸಲ ಅವನು ಏನೂ ಸುಳ್ಳು ಹೇಳಿರಲಿಲ್ಲ.